ಕೇಳದೆ ಕೊಡಬೇಡಿ

ನವೆಂಬರ್ 7, ಶುಕ್ರವಾರ
ಕುಬಿಹಾಳ

ಅನ್ನವ್ವನನ್ನು ಹುಬ್ಬಳ್ಳಿಯ ಆಸ್ಪತ್ರೆಯಿಂದ ಮನೆಗೆ ಕರೆತಂದು ವಾರವಾಯಿತು. ಅವಳ ಎದೆಯೊಳಗೆ ಈಗ ಲೋಹದ ಕವಾಟವೊಂದಿದೆ. ಹತ್ತಿರ ಕುಳಿತರೆ ಅದರ ಟಿಕ್ ಟಿಕ್ ಕೇಳಿಸುತ್ತದೆ. ಅವಳಿಗೆ ಅದೂ ನಗೆ. "ಮದಿವ್ಯಾಗ ನಿಮ್ಮಪ್ಪಾರು ನಮ್ಮ ಕಡೆ ವಾಚ್ ಕೇಳಿದ್ರಲ್ರಿ, ಈಗ ಬಂತ ನೋಡ್ರಿ" ಎಂದಳು.

ಆ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಬಾರದು. ಅದಕ್ಕಾಗಿ ದಿನವೂ ಸಂಜೆ ರಕ್ತ ತೆಳುವಾಗಿಸುವ ಗುಳಿಗೆ. ಕಡಿಮೆ ಬಿದ್ದರೆ ಕವಾಟ ಕಟ್ಟಿಕೊಳ್ಳುತ್ತದೆ, ಹೆಚ್ಚಾದರೆ ಒಳಗೆಲ್ಲೋ ರಕ್ತ ಸೋರುತ್ತದೆ. ಎರಡರಲ್ಲಿ ಯಾವುದಾದರೂ ಜೀವಕ್ಕೇ ಬರುತ್ತದೆ ಎಂದು ವೈದ್ಯರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದಾರೆ. ಸರಿಯಾದ ಪ್ರಮಾಣ ವಾರವಾರಕ್ಕೆ ಬದಲಾಗಬಹುದಂತೆ. ಗುರುವಾರಕ್ಕೊಮ್ಮೆ ಕುಂದಗೋಳದ ಒಂದು ಟ್ರಸ್ಟಿನಿಂದ ರೂಬಿನಾ ಎಂಬ ನರ್ಸ್ ಬಂದು ಬೆರಳಿನಿಂದ ಹನಿ ರಕ್ತ ತೆಗೆದು ಪರೀಕ್ಷೆ ಮಾಡುತ್ತಾಳೆ. ಹುಬ್ಬಳ್ಳಿಯ ವೈದ್ಯರು ಅದನ್ನು ನೋಡಿ ಎಷ್ಟು ಗುಳಿಗೆ ಎಂದು ನಿಶ್ಚಯಿಸುತ್ತಾರೆ. ಅದು ಟ್ರಸ್ಟಿನ ಆ್ಯಪ್ ಮೂಲಕ ನನ್ನ ಫೋನಿಗೂ ಮಗ ಸುಭಾಸ, ಸೊಸೆ ದಾನೇಶ್ವರಿ ಇವರ ಫೋನಿಗೂ ಬರುತ್ತದೆ. ಸದ್ಯಕ್ಕೆ ಒಂದೂವರೆ ಗುಳಿಗೆ.

ಒಂದೂವರೆ ಎಂಬ ಮಾತು ಹೇಳಲು ಇಷ್ಟು ದೊಡ್ಡ ವ್ಯವಸ್ಥೆ! ನಮ್ಮಪ್ಪನ ಕಾಲದಲ್ಲಿ ಡಾಕ್ಟರು ಚೀಟಿಯಲ್ಲಿ ಬರೆದು ಕೊಡುತ್ತಿದ್ದರು, ಸಾಯುವ ತನಕ ಅದು ಅಂಗಿಯ ಕಿಸೆಯಲ್ಲಿ ಇರುತ್ತಿತ್ತು. ಇಲ್ಲಿ ತೆರೆಯ ಮೇಲೆ ಹಸಿರು ಅಕ್ಷರದಲ್ಲಿ 'ದತ್ತಾಂಶ ಸಮಕಾಲೀಕರಣ ಯಶಸ್ವಿ' ಎಂದು ಬರುತ್ತದೆ. ಇದು ಯಾವ ಊರಿನ ಕನ್ನಡ? ಬೀಜ-ಗೊಬ್ಬರದ ಅಂಗಡಿ ನಡೆಸುತ್ತಲೇ ಸಂಶಿಯ ಗ್ರಂಥಾಲಯದ ಪುಸ್ತಕಗಳನ್ನೆಲ್ಲ ಓದಿ ಮುಗಿಸಿದವನು ನಾನು. ನನಗೇ ಇದು ತಿಳಿಯಲಿಲ್ಲವೆಂದರೆ ಅನ್ನವ್ವನಂಥವರ ಗತಿ ಏನು? ಪತ್ರಿಕೆಗೆ ಬರೆಯಬೇಕು.

ಡೇಟಾ ಚಾಲೂ ಇಡಿ ಎಂದು ಸುಭಾಸ ಹೇಳಿದ. ಕೆಲಸ ಮುಗಿದ ಕೂಡಲೇ ಬಂದ್ ಮಾಡಿದೆ. ನಳ ಬಿಟ್ಟು ಹೋಗುವ ಮನುಷ್ಯ ನಾನಲ್ಲ.

ನವೆಂಬರ್ 11, ಮಂಗಳವಾರ

ಹೊಲದಲ್ಲಿ ಹಕ್ಕರಕಿ ಎದ್ದಿದೆ. ದಾನೇಶ್ವರಿ ಬುಟ್ಟಿ ತುಂಬ ಕಿತ್ತು ತಂದಳು. ರೊಟ್ಟಿ, ಹಸಿ ಹಕ್ಕರಕಿ, ಉಳ್ಳಾಗಡ್ಡಿ, ಕೆಂಪು ಖಾರ ಇಲ್ಲದೆ ಅನ್ನವ್ವನ ಚಳಿಗಾಲ ಕಳೆದದ್ದಿಲ್ಲ. ಅವಳ ತಾಟಿನಿಂದ ಅದನ್ನು ನಾನೇ ತೆಗೆದಿಟ್ಟೆ. ಹಸಿರು ಸೊಪ್ಪು ಈ ಗುಳಿಗೆಯ ಬಲ ತಗ್ಗಿಸುತ್ತದೆ ಎಂದು ಆಸ್ಪತ್ರೆಯಲ್ಲಿ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ.

"ಅಷ್ಟ ಹೇಳಿದ್ರೇನ್ರಿ? ಮುಂದ ಇನ್ನೂ ಏನೋ ಅಂದ್ರಲ್ರಿ ಆ ಡಾಕ್ಟರಬಾಯಿ" ಎಂದಳು ಅನ್ನವ್ವ.

ಅಷ್ಟೇ ಎಂದೆ. ಊರಿನಲ್ಲಿ ಹೊಲಗಳ ಹದ್ದಿನ ಕಲ್ಲು ಎಲ್ಲಿತ್ತು, ಯಾವ ವರ್ಷ ಯಾರು ಚೇರ್ಮನ್ ಆದರು ಎಂದು ಕೇಳಲು ನನ್ನ ಕಟ್ಟೆಗೆ ಬರುತ್ತಾರೆ. ಮನೆಯಲ್ಲಿ ಮಾತ್ರ ನನ್ನ ನೆನಪಿನ ಮೇಲೆ ಅನುಮಾನ.

ನವೆಂಬರ್ 16, ರವಿವಾರ

ಬೆಳಿಗ್ಗೆ ಹಲ್ಲು ತಿಕ್ಕುವಾಗ ಅನ್ನವ್ವನ ಬಾಯಿ ತುಂಬ ರಕ್ತ. ತೊಡೆಯ ಮೇಲೆ ಅಂಗೈಯಗಲ ನೀಲಿ ಕಲೆ. ಎಲ್ಲೂ ಬಡಿದುಕೊಂಡಿಲ್ಲ ಎನ್ನುತ್ತಾಳೆ. ಗಾಡಿ ಮಾಡಿಕೊಂಡು ಹುಬ್ಬಳ್ಳಿಗೆ ಓಡಿದೆವು. ವೈದ್ಯರು ಕೇಳಿದರು, "ಎಷ್ಟು ಕೊಡಾಕತ್ತೀರಿ?" ಒಂದೂವರೆ ಎಂದು ಫೋನ್ ತೋರಿಸಿದೆ. ಹಸಿರು ಅಕ್ಷರದಲ್ಲಿ ಒಂದೂವರೆಯೇ ಇತ್ತು. ಅವರು ತಮ್ಮ ಫೋನ್ ತೋರಿಸಿದರು. ಗುರುವಾರದ ಪರೀಕ್ಷೆ ನೋಡಿ ಅಂದು ಸಂಜೆಯೇ 'ಒಂದು' ಎಂದು ಬದಲಿಸಿದ್ದಾರೆ. ದಾನೇಶ್ವರಿ ತವರಿಗೆ ಹೋಗಿದ್ದಳು, ಸುಭಾಸ ಸಂಶಿಯ ಅಂಗಡಿಯಲ್ಲಿ. ಆ ದಿನಗಳಲ್ಲಿ ಗುಳಿಗೆ ಕೊಟ್ಟವನು ನಾನೇ.

ಎರಡು ದಿನ ಗುಳಿಗೆ ನಿಲ್ಲಿಸಿ ಎಂದಿದ್ದಾರೆ. ಸೊಪ್ಪು ಪೂರ್ತಿ ಬಿಟ್ಟದ್ದೂ ಗುಳಿಗೆಯ ಬಲ ಹೆಚ್ಚಿಸಿತಂತೆ. ದಿನವೂ ಒಂದೇ ಅಳತೆಯಲ್ಲಿ ತಿನ್ನಿ ಎಂದಿದ್ದೆವಲ್ಲ ಎಂದರು. ಆಸ್ಪತ್ರೆಯವರು ಅರ್ಧ ಮಾತನ್ನು ಗಟ್ಟಿಯಾಗಿ, ಅರ್ಧವನ್ನು ಮೆಲ್ಲಗೆ ಹೇಳಿದರೆ ಯಾರ ತಪ್ಪು?

ನಾಳೆ ಕುಂದಗೋಳಕ್ಕೆ ಹೋಗುತ್ತೇನೆ. ಆ ಆ್ಯಪ್ ಮಾಡಿದವರ ಮುಖ ನೋಡಬೇಕು.

ನವೆಂಬರ್ 17, ಸೋಮವಾರ

ನೋಡಿದೆ. ತಹಸೀನ್ ಎಂಬ ಹುಡುಗಿ. ಟ್ರಸ್ಟಿನ ಕಚೇರಿ ಎಂದರೆ ಒಂದು ಕೋಣೆ, ಮೂಲೆಯಲ್ಲಿ ಎರಡು ಕಂಪ್ಯೂಟರ್.

"ಯಾರ್ರಿ ಇಲ್ಲಿ ಜವಾಬ್ದಾರಿ?" ಎಂದು ಬಾಗಿಲಲ್ಲೇ ಗುಡುಗಿದೆ.

"ನಾನರಿ ಕಾಕಾ. ಒಳಗ ಬರ್ರಿ, ಕೂಡ್ರಿ."

ಕೂಡಲಿಲ್ಲ. ನಿಂತೇ ಮಾತಾಡಿದೆ. ಟ್ರಂಕ್ ಕಾಲ್ ಬುಕ್ ಮಾಡಿ ದಿನವಿಡೀ ಕಾಯುತ್ತಿದ್ದ ಕಾಲದಿಂದ ಶುರುಮಾಡಿ, ಸಾರ್ವಜನಿಕರ ಜೀವದ ಮೇಲೆ ಇವರು ನಡೆಸುವ ಪ್ರಯೋಗದ ತನಕ ಬಂದೆ. ಅವಳು ನಡುವೆ ಬಾಯಿ ಹಾಕಲಿಲ್ಲ. ಉಸಿರು ತೆಗೆದುಕೊಳ್ಳಲು ನಿಂತಾಗ ಮಾತ್ರ ಕೇಳಿದಳು, "ಚಾ ಬೈದಾದ ಮ್ಯಾಲೆ ಕುಡೀತೀರೋ, ಬೈಕೋತ ಕುಡೀತೀರೋ?"

ಕುಳಿತೆ. ಅವಳು ನನ್ನ ಫೋನ್ ತೆಗೆದುಕೊಂಡು ನೋಡಿದಳು.

"ಡೇಟಾ ಬಂದ್ ಇಟ್ಟಿದ್ರೇನ್ರಿ?"

"ಹೌದು, ಇಟ್ಟಿದ್ದೆ. ಅದೇನು ಗುನ್ಹೆ ಐತೇನು?"

"ಇಲ್ರಿ ಕಾಕಾ. ನಮ್ಮ ಅಜ್ಜೀನೂ ಬಂದ್ ಇಡ್ತಾಳ. ಊರಾಗ ಅರ್ಧಾ ಮಂದಿ ಬಂದ್ ಇಡ್ತಾರ. ಅದು ಗೊತ್ತಿದ್ದೂ ನಾವು ಹಳೇ ನಂಬರ್‌ಗೆ ಹಸರ ಬಣ್ಣಾ ಹಚ್ಚಿ ತೋರಿಸೇವಿ. ಕಳಿಸೇವಿ ಅಂತ ಗೊತ್ತಿತ್ತು, ಮುಟ್ಟಿತೋ ಇಲ್ಲೋ ನೋಡಲಿಲ್ಲ. ತಪ್ಪು ನಮ್ದ."

ಐವತ್ತು ವರ್ಷದಲ್ಲಿ ನಾನು ತಕರಾರು ಕೊಡದ ಕಚೇರಿಯಿಲ್ಲ. ಯಾವ ಮೇಜಿನ ಆಚೆಯಿಂದಲೂ ಆ ಕೊನೆಯ ಮಾತು ಕೇಳಿದ್ದಿಲ್ಲ. ಇನ್ನೂ ಹೇಳುವುದು ಬಹಳವಿತ್ತು, ಬಸ್ಸಿನ ಹೊತ್ತಾಯಿತೆಂದು ಎದ್ದೆ. ಬಸ್ಸಿಗೆ ಇನ್ನೂ ಹೊತ್ತಿತ್ತು.

ನವೆಂಬರ್ 21, ಶುಕ್ರವಾರ

ಅನ್ನವ್ವನ ಒಸಡಿನ ರಕ್ತ ನಿಂತಿದೆ. ಮಂಗಳವಾರದಿಂದ ದಿನಕ್ಕೆ ಒಂದು ಗುಳಿಗೆ.

ತಹಸೀನ್ ಇಂದು ಮನೆಗೆ ಬಂದಿದ್ದಳು. ಚಪ್ಪಲಿ ಬಿಟ್ಟು ಒಳಗೆ ಬಂದವಳೇ ಪಡಸಾಲೆ, ಅಡಿಗೆಮನೆ, ಅನ್ನವ್ವನ ಕೋಣೆ, ಎಲ್ಲ ಕಡೆ ಫೋನ್ ಹಿಡಿದು ನಿಂತಳು. ನಮ್ಮದು ಮೊಳದಗಲ ಮಣ್ಣಿನ ಗೋಡೆ. ಒಳಗೆ ಸಿಗ್ನಲ್ ಸುಳಿಯುವುದಿಲ್ಲ. ನಿಚ್ಚಣಿಕೆ ಹತ್ತಿ ಮಾಳಿಗೆಗೂ ಹೋದಳು. ಅಲ್ಲಿ ಸಿಗುತ್ತದೆ, ಗಾಳಿ ಬೀಸಿದ ಕಡೆ.

ಗುಳಿಗೆ ಎಷ್ಟೆಂದು ಫೋನ್ ಪ್ರತಿ ಸಲ ಹೊಸದಾಗಿ ಕೇಳಿ ತಿಳಿದುಕೊಳ್ಳುವಂತೆ ಮಾಡಿದರೆ ಮುಗಿಯಿತಲ್ಲ ಎಂದೆ.

"ಈ ಕೋಣ್ಯಾಗ ಯಾರನ್ನ ಕೇಳತೈತ್ರಿ ಕಾಕಾ ಅದು? ಅದಕ್ಕ ಫೋನಿನ್ಯಾಗ ಒಂದು ನಕಲು ಇರಲೇಬೇಕು. ನಕಲು ಇಟ್ರ ಅದು ಹಳೇದಾತೋ ಏನೋ ಅನ್ನೂ ಚಿಂತಿ. ನಿಮಿಷ ನಿಮಿಷಕ್ಕ ಕೇಳಿದ್ರ ಬ್ಯಾಟರಿ ಸಾಯ್ತೈತಿ. ಕೇಳದಿದ್ರ..." ಎಂದು ಅನ್ನವ್ವನ ಕಡೆ ನೋಡಿದಳು.

"ಕೇಳದಿದ್ರ ನಾ ಸಾಯ್ತೀನಿ. ಅನ್ನಬೇ, ಏನಾಗೂದಿಲ್ಲ" ಎಂದಳು ಅನ್ನವ್ವ. ಆಮೇಲೆ ನನ್ನತ್ತ ಗದ್ದ ತೋರಿಸಿ, "ನನ್ನ ಕಡೀಗೂ ಒಂದು ಹಳೇದು ಐತಿ ನೋಡವಾ. ಏನ್ ಕೇಳಿದ್ರೂ ಹೊಳ್ಳಿ ಹೊಳ್ಳಿ ಅದನ್ನ ಹೇಳತೈತಿ. ಅದಕ್ಕೂ ಏನಾರ ಮಾಡಾಕ ಬರ್ತದೇನು?"

ಇಬ್ಬರೂ ನಕ್ಕರು. ಹುಡುಗಿಗೆ ರೊಟ್ಟಿ ಬಡಿಸಿ ಎಂದೆ. ಒಳ್ಳೆ ಮನೆತನದ ಹುಡುಗಿ, ಕೂತು ಉಂಡಳು.

ನವೆಂಬರ್ 24, ಸೋಮವಾರ

ಆ ಹುಡುಗಿ ಹೇಳಿದ್ದು ತಲೆಯಲ್ಲಿ ತಿರುಗುತ್ತಿದೆ. ಸಾವಿರ ಕಡೆ ನಕಲು ಇರುವಾಗ ಒಂದು ಮಾತು ಬದಲಾದರೆ ಎಲ್ಲರಿಗೂ ಮುಟ್ಟಿಸುವುದು ಹೇಗೆ, ಅದೂ ಅರ್ಧ ಜನ ನಿದ್ದೆಯಲ್ಲಿರುವಾಗ?

ಡಂಗುರದ ಮಶಾಕಸಾಬ ನೆನಪಾದ. ನಾನು ಚಿಕ್ಕವನಿದ್ದಾಗ ಕಾಲರಾ ಬಂದ ವರ್ಷ, ಯಾವ ಬಾವಿಯ ನೀರು ಕುಡಿಯಬಹುದು, ಯಾವುದಕ್ಕೆ ಔಷಧಿ ಹಾಕಿದ್ದಾರೆ ಎಂದು ದಿನವೂ ಹೊತ್ತು ತಪ್ಪದೆ ಸಾರುತ್ತಿದ್ದ. ಎಲ್ಲ ಬಾವಿಗಳ ಹೆಸರು ಹೇಳುತ್ತಿರಲಿಲ್ಲ, ಬದಲಾದದ್ದನ್ನು ಮಾತ್ರ ಹೇಳುತ್ತಿದ್ದ. ಹೊಲಕ್ಕೆ ಹೋಗಿ ಸಂಜೆ ಬಂದವರು "ಏನ್ ಸಾರಿದ್ಯೋ?" ಎಂದು ಕೇಳಿ ಆಮೇಲೆ ಕೊಡ ಎತ್ತುತ್ತಿದ್ದರು. ಪರಊರಿಗೆ ಹೋಗಿ ಬಹಳ ದಿನದ ಮೇಲೆ ಬಂದವರನ್ನು ಕೂರಿಸಿಕೊಂಡು, "ನಿನಗ ಗೊತ್ತಿದ್ದದ್ದು ಎಲ್ಲಾ ಬಿಡು, ಮೊದಲಿಂದ ಹೇಳ್ತೀನಿ ಕೇಳು" ಎನ್ನುತ್ತಿದ್ದ. ಹೊರಗಿನಿಂದ ಬಂದವರು ಕೇಳದೆ ನೀರು ಸೇದಬಾರದು ಎನ್ನುವುದು ಊರ ಕಟ್ಟಳೆಯೇ ಆಗಿತ್ತು.

ಮಾಳಿಗೆ ಹತ್ತಿ ತಹಸೀನ್‌ಗೆ ಫೋನ್ ಮಾಡಿ ಹೇಳಿದೆ. ಆಚೆಯಿಂದ ಕೂಗಿದಳು, "ಅಯ್ಯ ಕಾಕಾ! ನಾ ಈಗ ಮಾಡಾಕತ್ತಿದ್ದು ಅಗದಿ ಅದನ್ನರಿ!"

ತಾಸಿಗೊಮ್ಮೆ ಕಚೇರಿಯ ಯಂತ್ರ ಚಿಕ್ಕದೊಂದು ಯಾದಿ ಬಿತ್ತರಿಸುತ್ತದಂತೆ, ಯಾರ ಯಾರ ಪ್ರಮಾಣ ಬದಲಾಯಿತು ಎಂದಷ್ಟೇ. ಎಚ್ಚರವಾದ ಫೋನ್ ಅದನ್ನು ನೋಡಿ, ತನ್ನಲ್ಲಿರುವ ನಕಲಿನ ಹೆಸರು ಅದರಲ್ಲಿದ್ದರೆ ಹಳೆಯದನ್ನು ಎಸೆದು ಹೊಸದನ್ನು ಕೇಳುತ್ತದೆ. ಬಹಳ ಹೊತ್ತು ಮಲಗಿದ್ದ ಫೋನ್ ತನ್ನಲ್ಲಿದ್ದದ್ದನ್ನೆಲ್ಲ ಎಸೆದು ಮೊದಲಿನಿಂದ ಕೇಳುತ್ತದೆ. ಎಷ್ಟು ಕಡಿಮೆ ಮಾತಿನಲ್ಲಿ ಎಷ್ಟು ಕೆಲಸ! ಡೇಟಾ ಕೂಡ ಚಿಟಿಕೆಯಷ್ಟೇ ಖರ್ಚಂತೆ. ಅದನ್ನು ಕೇಳಿದ ಮೇಲೆ ಬಂದ್ ಮಾಡುವುದನ್ನು ನಾನೂ ಬಿಟ್ಟಿದ್ದೇನೆ.

ಒಂದು ವಿಷಯಕ್ಕೆ ಮಾತ್ರ ಜಗಳವಾಯಿತು. ಮೂರು-ನಾಲ್ಕು ತಾಸು ಸುದ್ದಿಯಿಲ್ಲದೆ ಕಳೆದರೆ ಫೋನ್ ಪ್ರಮಾಣವನ್ನೇ ಮರೆಮಾಡುತ್ತದಂತೆ. ಖಾಲಿ ತೆರೆ! ಹಳೆಯದಾದರೂ ಒಂದು ಅಂಕಿ ಇರುವುದು ಮೇಲಲ್ಲವೇ ಎಂದೆ.

"ಹಳೇದು ತೋರಿಸಿದ್ರ ನೀವು ಕೊಟ್ಟಬಿಡ್ತೀರಿ. ಏನೂ ತೋರಿಸಲಿಲ್ಲಂದ್ರ ನನಗ ಫೋನ್ ಹಚ್ಚಿ ಬೈತೀರಿ. ಬೈಸ್ಕೊಳ್ಳೂದು ಸೋವಿ ಐತ್ರಿ ಕಾಕಾ."

ಸರಿ, ಆ ಖಾಲಿ ತೆರೆಯ ಮೇಲೆ ಮತ್ತೆ 'ಸಮಕಾಲೀಕರಣ ವಿಫಲ' ಎಂದು ಬರೆಯುತ್ತೀಯೇನು ಎಂದು ಕೇಳಿದೆ. "ಹಂಗಾರ ನೀವ ಬರದ ಕೊಡ್ರಿ" ಎಂದಳು.

ಸಂಜೆಯೆಲ್ಲ ಬರೆದು ಬರೆದು ಹೊಡೆದುಹಾಕಿದೆ. ಕೊನೆಗೆ ಉಳಿದದ್ದು: 'ಇಂದಿನ ಪ್ರಮಾಣ ನನಗೆ ಗೊತ್ತಿಲ್ಲ. ಕೇಳದೆ ಗುಳಿಗೆ ಕೊಡಬೇಡಿ.' ಅನ್ನವ್ವನಿಗೆ ಓದಿ ಹೇಳಿದೆ. "ಇದು ತಿಳೀತೈತಿ" ಎಂದಳು.

ನವೆಂಬರ್ 29, ಶನಿವಾರ

ಹೊಸ ಆ್ಯಪ್ ಬಂದಿದೆ. ನನ್ನ ವಾಕ್ಯ ಅದರಲ್ಲಿದೆಯಂತೆ, ಕಾಣಿಸುವ ಪ್ರಸಂಗ ಬಂದಿಲ್ಲ. ತೆರೆಯ ಮೇಲೆ 'ಒಂದು' ಎಂದೂ, ಕೆಳಗೆ 'ಈಗಷ್ಟೇ ಕೇಳಿ ತಿಳಿದದ್ದು' ಎಂದೂ ಇದೆ. ಆ ಎರಡನೆಯ ಸಾಲು ತಹಸೀನ್ ಅವರದೇ. ಚೆನ್ನಾಗಿ ಬರೆದಿದ್ದಾರೆ.

ಡಿಸೆಂಬರ್ 2, ಮಂಗಳವಾರ

ಅನ್ನವ್ವನಿಗೆ ಕೆಮ್ಮು, ಜ್ವರ. ಸಂಶಿಯ ಡಾಕ್ಟರು ಏಳು ದಿನದ ಔಷಧಿ ಕೊಟ್ಟಿದ್ದಾರೆ. ಪತ್ರಿಕೆ ಓದಲಾಗಲಿಲ್ಲ.

ಡಿಸೆಂಬರ್ 4, ಗುರುವಾರ

ಬೆಳಿಗ್ಗೆ ರೂಬಿನಾ ಬಂದು ಪರೀಕ್ಷೆ ಮಾಡಿ ಹೋದಳು. ಹೊಸ ಔಷಧಿಯ ಹೆಸರನ್ನೂ ಬರೆದುಕೊಂಡಳು. ವೈದ್ಯರ ಮಾತು ಸಂಜೆಯೊಳಗೆ ಬರಬೇಕಿತ್ತು. ಮಧ್ಯಾಹ್ನ ರಸ್ತೆ ಅಗೆಯುವವರು ಎಲ್ಲೋ ಕೇಬಲ್ ಕತ್ತರಿಸಿದರಂತೆ. ಟಾವರ್ ಸತ್ತಿತು. ಮಾಳಿಗೆಯ ಮೇಲೂ ಒಂದು ಗೆರೆ ಸಿಗ್ನಲ್ ಇಲ್ಲ.

ದೀಪ ಹಚ್ಚುವ ಹೊತ್ತಿಗೆ ಗುಳಿಗೆಯ ಡಬ್ಬಿ ಹಿಡಿದು ಫೋನ್ ತೆರೆದೆ. 'ಇಂದಿನ ಪ್ರಮಾಣ ನನಗೆ ಗೊತ್ತಿಲ್ಲ. ಕೇಳದೆ ಗುಳಿಗೆ ಕೊಡಬೇಡಿ.' ದಾನೇಶ್ವರಿಯ ಫೋನಿನಲ್ಲೂ ಅದೇ.

"ಒಂದು. ಎರಡು ವಾರದಿಂದ ಒಂದ ಐತಿ. ನನಗ ನೆನಪೈತಿ" ಎಂದು ಡಬ್ಬಿ ತೆಗೆದೆ.

ದಾನೇಶ್ವರಿ ಅಡ್ಡ ಬಂದಳು. "ಮಾವಾರ, ಇದು ನೀವ ಬರದದ್ದಲ್ರಿ?"

"ಅದು ಮಂದಿ ಸಲುವಾಗಿ ಬರದದ್ದು."

"ನಾವು ಮಂದಿ ಅಲ್ಲೇನ್ರಿ?"

ಎಂದೂ ಎದುರು ಮಾತಾಡದ ಸೊಸೆ. ಅನ್ನವ್ವ ಮಂಚದ ಮೇಲೆ ಕುಳಿತು ನಮ್ಮಿಬ್ಬರನ್ನೂ ನೋಡುತ್ತಿದ್ದಳು. ಒಂದು ಕೈಯಲ್ಲಿ ನೀರಿನ ತಂಬಿಗೆ. ಕೊಟ್ಟರೆ ನುಂಗುತ್ತಿದ್ದಳು. ನಲವತ್ತೆಂಟು ವರ್ಷ ನಾನು ಹೇಳಿದ್ದನ್ನು ನಂಬಿ ನಡೆದವಳು, ಗೊಣಗುತ್ತಲಾದರೂ. ಆ ತಂಬಿಗೆ ನೋಡಿ ಡಬ್ಬಿ ಮುಚ್ಚಿದೆ.

ನೆರೆಮನೆಯ ಈರಬಸಪ್ಪ ಗೆಳೆಯ, ನನ್ನ ಓರಗೆಯವ. ಅವನ ಮೋಟಾರ್ ಸೈಕಲ್ ಹೊರಗೇ ಇತ್ತು.

"ನಡಿ, ಕುಂದಗೋಳ ಹಾದಿ ಹಿಡಿ. ಸಿಗ್ನಲ್ ಸಿಗೂತನಾ ಹೋಗೂಣು" ಎಂದೆ.

"ಒಂದ್ ಗುಳಿಗಿ ಎಷ್ಟಂತ ಕೇಳಾಕ? ಮರತೀ ಏನಲೇ? ಅದೂ ನೀನ?"

"ಮರತಿಲ್ಲೋ. ಆದ್ರ ನನಗ ನೆನಪಿದ್ದದ್ದು ನಿನ್ನಿ ಲೆಕ್ಕ."

ಕಡಲೆಯ ಹೊಲ, ಹತ್ತಿಯ ಹೊಲ ದಾಟಿ ಹಳ್ಳದ ಆಚೆಯ ಏರಿಗೆ ಬಂದಾಗ ಕಿಸೆಯಲ್ಲಿ ಫೋನ್ ನಡುಗಿತು. ಗಾಡಿ ನಿಲ್ಲಿಸು ಎಂದೆ. ತೆರೆಯ ಮೇಲೆ ಚಕ್ರ ತಿರುಗಿತು. ಅದು ತನ್ನಲ್ಲಿದ್ದದ್ದನ್ನೆಲ್ಲ ಎಸೆದು ಮೊದಲಿನಿಂದ ಕೇಳುತ್ತಿದೆ ಎಂದು ನನಗೆ ಗೊತ್ತಿತ್ತು. ಆಮೇಲೆ ಬಂತು:

'ಇಂದು ಗುಳಿಗೆ ಬೇಡ. ನಾಳೆ ಮತ್ತೆ ಪರೀಕ್ಷೆ. ಈಗಷ್ಟೇ ಕೇಳಿ ತಿಳಿದದ್ದು.'

ರಸ್ತೆಯ ಬದಿಯ ಕಲ್ಲಿನ ಮೇಲೆ ಕುಳಿತುಬಿಟ್ಟೆ. ಏನಾಯಿತೆಂದು ಕೇಳಿದ ಈರಬಸಪ್ಪನಿಗೆ ಫೋನ್ ತೋರಿಸಿದೆ.

ಅಷ್ಟರಲ್ಲಿ ತಹಸೀನ್ ಅವರದೇ ಫೋನ್ ಬಂತು. "ಕಾಕಾ, ಮಧ್ಯಾಹ್ನದಿಂದ ನಿಮ್ಮ ಮನ್ಯಾಗಿನ ಎರಡೂ ಫೋನ್ ಗಪ್ ಅದಾವು. ಕೆಮ್ಮಿನ ಔಷಧಿ ಸೇರಿ ಗುಳಿಗಿ ಬಲಾ ಭಾಳ ಏರೈತಿ. ಅದಕ್ಕ ಡಾಕ್ಟರ್ ಬ್ಯಾಡಂದಾರ. ನಿಮಗ ಮುಟ್ಟಿಲ್ಲಂತ ಇಲ್ಲಿ ಕೆಂಪ ಕಾಣಾಕತ್ತಿತ್ತು. ನಾನು, ರೂಬಿನಾ ಗಾಡಿ ಹತ್ತೇ ಬಿಟ್ಟೇವಿ. ಕೊಟ್ಟಿಲ್ಲಲ್ರಿ?"

"ಕೊಟ್ಟಿಲ್ಲವಾ" ಎಂದೆ. ಹಾಗಾದರೆ ರೂಬಿನಾ ಬೆಳಿಗ್ಗೆ ಬರುತ್ತಾಳೆ ಎಂದು ಹೇಳಿ ಅವರು ಗಾಡಿ ತಿರುಗಿಸಿದರು.

ಯಾರಿಗೆ ತಿಳಿಸಿದೆವು ಎಂದು ಎಣಿಸಿ ಸುಮ್ಮನಾಗುವ ಕಚೇರಿಗಳನ್ನೇ ನಾನು ಜೀವಮಾನವೆಲ್ಲ ಕಂಡದ್ದು. ಯಾರಿಗೆ ತಿಳಿದಿಲ್ಲ ಎಂದು ಕಾದು ಕುಳಿತವರನ್ನು ಇಂದು ಕಂಡೆ. ಇದನ್ನು ಬರೆಯುವಾಗಲೂ ಕಣ್ಣು ಮಂಜಾಗುತ್ತಿದೆ. ಚಾಳೀಸು ಬದಲಿಸಬೇಕೇನೋ.

ಮನೆಗೆ ಬಂದರೆ ಸುಭಾಸ ಅಂಗಡಿ ಮುಚ್ಚಿ ಬಂದಿದ್ದ. ಅವನೂ ಸಂಶಿಯಲ್ಲಿ ಫೋನ್ ನೋಡಿಕೊಂಡು, ಗುಳಿಗೆ ಬೇಡ ಎಂಬ ಸುದ್ದಿ ಹೊತ್ತು ಓಡಿ ಬಂದಿದ್ದ. ಎರಡು ದಾರಿಯಿಂದ ಬಂದ ಒಂದೇ ಮಾತು.

"ಒಂದ್ ಗುಳಿಗಿ ಬ್ಯಾಡ ಅನ್ನಾಕ ಮೂರ್ ಮಂದಿ ಗಂಡಸರು ಬೇಕಾದ್ರು. ಇನ್ನ ಊಟಕ್ಕಾರ ಏಳ್ರಿ" ಎಂದಳು ಅನ್ನವ್ವ.

ಡಿಸೆಂಬರ್ 5, ಶುಕ್ರವಾರ

ಟಾವರ್ ಬಂತು. ರೂಬಿನಾ ಪರೀಕ್ಷೆ ಮಾಡಿದಳು. ಇಳಿಯುತ್ತಿದೆ. ನಾಳೆಯಿಂದ ಅರ್ಧ ಗುಳಿಗೆ, ಕೆಮ್ಮಿನ ಔಷಧಿ ಮುಗಿಯುವ ತನಕ. ವೈದ್ಯರನ್ನು ನಾನೇ ಕೇಳಿದೆ, ನಿನ್ನೆ ಒಂದು ಕೊಟ್ಟಿದ್ದರೆ? "ಕೊಡಲಿಲ್ಲಲ್ಲ, ಬಿಡ್ರಿ" ಎಂದರು. ನನಗೆ ಅರ್ಥವಾಯಿತು.

ಡಿಸೆಂಬರ್ 14, ರವಿವಾರ

ಎರಡು ಪರೀಕ್ಷೆ ಸರಿಯಾಗಿ ಬಂದಿವೆ. ಮತ್ತೆ ದಿನಕ್ಕೆ ಒಂದು. ಇನ್ನು ಹದಿನೈದು ದಿನಕ್ಕೊಮ್ಮೆ ರಕ್ತ ಕೊಟ್ಟರೆ ಸಾಕಂತೆ. ಅನ್ನವ್ವ ಇಂದು ತಾನೇ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿದಳು. ಬಡಿತದ ಸದ್ದು ಕೇಳುತ್ತ ಕಟ್ಟೆಯ ಮೇಲೆ ಕುಳಿತಿದ್ದೆ.

ದಾನೇಶ್ವರಿಯ ತಮ್ಮ ಈರೇಶ ಬಂದಿದ್ದ. ತಮ್ಮ ಮನೆತನದ ವಂಶಾವಳಿ ಬರೆಯುತ್ತಿದ್ದಾನೆ. ಅವನ ಮುತ್ತಜ್ಜ ಮತ್ತು ನಮ್ಮಜ್ಜ ಸ್ನೇಹಿತರು. "ಮುತ್ತಜ್ಜನ ಅಣ್ಣತಮ್ಮಂದಿರು ಎಷ್ಟು ಮಂದಿ ಇದ್ರು ಮಾವಾರ?" ಎಂದು ಕೇಳಿದ.

"ಮೂವರು ಅನಸ್ತೈತಪಾ, ಆದ್ರ ಖಾತ್ರಿ ಇಲ್ಲ" ಎಂದೆ. "ಅಣ್ಣಿಗೇರ್ಯಾಗ ನಿಮ್ಮ ಹಿರೀ ಅತ್ತಿ ಇನ್ನೂ ಗಟ್ಟಿ ಅದಾರಲ್ಲ, ಅವರನ್ನ ಕೇಳಿ ಬರಕೋ. ಅಲ್ಲೀತನಾ ಜಾಗಾ ಖಾಲಿ ಬಿಡು."

ಒಳಗೆ ರೊಟ್ಟಿಯ ಬಡಿತ ನಿಂತಿತು. ಅನ್ನವ್ವ ಹಿಟ್ಟಿನ ಕೈಯಲ್ಲೇ ಎದ್ದು ಹೊರಗೆ ಬಂದು, ಮುಂಗೈ ತಿರುಗಿಸಿ ನನ್ನ ಹಣೆಯ ಮೇಲಿಟ್ಟಳು. ಆಮೇಲೆ ದಾನೇಶ್ವರಿಯ ಕಡೆ ತಿರುಗಿ, "ಜ್ವರಾ ಏನೂ ಇಲ್ಲಲ್ಲೇ" ಎಂದಳು.

ನನಗೇಕೆ ಜ್ವರ ಇರಬೇಕು? ಚೆನ್ನಾಗಿಯೇ ಇದ್ದೇನೆ. ಹಣೆಗೆ ಹತ್ತಿದ ಹಿಟ್ಟು ಒರೆಸಿಕೊಂಡು ಊಟಕ್ಕೆ ಎದ್ದೆ.